ಫೋನ್ ಹೋಗುತ್ತದೆ, ವಿಡಿಯೊ ಹೋಗುವುದಿಲ್ಲ

ಅಂಧೇರಿಯಿಂದ ನರಿಮನ್ ಪಾಯಿಂಟ್‌ವರೆಗೆ ಹಳೆಯ ಕಚೇರಿಗಳ ಸರ್ವರ್ ಕೋಣೆಯಲ್ಲಿ ಅಲ್ಲೊಂದು ಇಲ್ಲೊಂದು ವಿಡಿಯೊ ಗೇಟ್‌ವೇ, ಅಂದರೆ ಕಂಪ್ಯೂಟರ್ ಜಾಲದ ವಿಡಿಯೊ ಸಭೆಯನ್ನು ಟೆಲಿಫೋನ್ ಲೈನಿಗೆ ಜೋಡಿಸುವ ಪೆಟ್ಟಿಗೆ, ಇನ್ನೂ ಬದುಕಿದೆ. ಹೊಸದನ್ನು ಯಾರೂ ಕೊಳ್ಳುವುದಿಲ್ಲ, ಇರುವುದನ್ನು ಕಿತ್ತೊಗೆಯುವ ಧೈರ್ಯವೂ ಯಾರಿಗೂ ಇಲ್ಲ. ಅದರ ಒಂದು ಬದಿಗೆ ಐಪಿ ಜಾಲ, ಅಲ್ಲಿನ ವಿಡಿಯೊ ನಿಯಮ ಎಚ್.323. ಇನ್ನೊಂದು ಬದಿಗೆ ಎಕ್ಸ್‌ಚೇಂಜಿನ ಪಿಆರ್‌ಐ, ಅಂದರೆ ಮೂವತ್ತು ಕರೆಗಳನ್ನು ಒಟ್ಟಿಗೆ ಹೊರುವ ಡಿಜಿಟಲ್ (ಐಎಸ್‌ಡಿಎನ್) ಲೈನು, ಅಲ್ಲಿನ ನಿಯಮ ಎಚ್.320. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮುಂಬೈ, ಪುಣೆಗೆ ನೌಕರಿಗೆ ಬಂದ ಹುಡುಗರು ಇದರ ಮುಂದೆ ಕೂತು ನನಗೆ ಫೋನ್ ಮಾಡುವಾಗ ಹೇಳುವ ಮಾತು ಒಂದೇ: ‘ಸರ್, ಫೋನ್ ಹಚ್ಚಿದ್ರ ಹೋಗ್ತದ, ವಿಡಿಯೊ ಹೋಗವಲ್ದು.’

ಫೋನ್ ಹೋಯಿತೆಂದರೆ ಲೈನು ಸರಿ ಇದೆ ಎಂದು ಅವರ ಲೆಕ್ಕ. ಆ ಲೆಕ್ಕವೇ ತಪ್ಪು. ಪಿಆರ್‌ಐನಲ್ಲಿ ಪ್ರತಿ ಕರೆಯೂ ಡಿ-ಚಾನೆಲ್‌ನಲ್ಲಿ, ಅಂದರೆ ಕರೆಯ ಸೂಚನೆಗಳಿಗೆಂದೇ ಇರುವ ಚಾನೆಲ್‌ನಲ್ಲಿ, ಹೋಗುವ ಒಂದು ಸೆಟಪ್ ಸಂದೇಶದಿಂದ ಶುರುವಾಗುತ್ತದೆ. ಯಾವ ನಂಬರಿಗೆ ಎಂಬುದರ ಜೊತೆಗೆ, ಒಳಗೆ ಹರಿಯುವುದು ಮಾತೋ ಡೇಟಾವೋ ಎಂಬುದನ್ನೂ ಅದು ಹೇಳಬೇಕು. ಇದಕ್ಕೆ ಬೇರರ್ ಕೇಪಬಿಲಿಟಿ ಎನ್ನುತ್ತಾರೆ. ವಿಡಿಯೊಗೆ ಬೇಕಾದದ್ದು ಅನ್‌ರಿಸ್ಟ್ರಿಕ್ಟೆಡ್ ಡಿಜಿಟಲ್, ಅಂದರೆ 64 ಕೆಬಿಪಿಎಸ್‌ನ ಒಂದು ಬಿಟ್ಟನ್ನೂ ಮುಟ್ಟದೆ ಆಚೆ ದಾಟಿಸುವ ದಾರಿ. ಸ್ಪೀಚ್ ಎಂದು ಹೋದರೆ ಮಧ್ಯದಲ್ಲಿ ಪ್ರತಿಧ್ವನಿ ಅಳಿಸುವ ಎಕೋ ಕ್ಯಾನ್ಸೆಲರ್ ಕೂರಬಹುದು, ಮಾತನ್ನು ಸಂಕುಚಿಸುವ ಉಪಕರಣ ಕೂರಬಹುದು. ಕಿವಿಗೆ ಏನೂ ಗೊತ್ತಾಗುವುದಿಲ್ಲ, ಚಿತ್ರ ಮಾತ್ರ ಬರುವುದೇ ಇಲ್ಲ.

ಇಲ್ಲಿನ ಕಚೇರಿಗಳಲ್ಲಿ ತೊಡಕು ಹೆಚ್ಚಲು ಕಾರಣ ಇಪಿಎಬಿಎಕ್ಸ್, ಅಂದರೆ ಕಚೇರಿಯೊಳಗಿನ ಪುಟ್ಟ ಎಕ್ಸ್‌ಚೇಂಜು. ಪ್ರತ್ಯೇಕ ಲೈನಿನ ಬಾಡಿಗೆ ಉಳಿಸಲು ಗೇಟ್‌ವೇಯನ್ನು ಅದರ ಬೆನ್ನಿಗೆ ಕಟ್ಟಿರುತ್ತಾರೆ. ಡೇಟಾ ಕರೆಗಳನ್ನು ಬಿಡಬೇಕೆಂದು ಅದರ ರೂಟಿಂಗ್ ಕೋಷ್ಟಕದಲ್ಲಿ ಯಾರೂ ಬರೆದಿರುವುದಿಲ್ಲ. ಬೈಗುಳ ಪಾಪ ಕ್ಯಾಮೆರಾಕ್ಕೆ. ಹೀಗೆ ಕಟ್ಟಿದಾಗ ಯಾರು ಯೂಸರ್ (ಸೇವೆ ಪಡೆಯುವ ಬದಿ), ಯಾರು ನೆಟ್‌ವರ್ಕ್ (ಸೇವೆ ಕೊಡುವ ಬದಿ) ಎಂಬುದನ್ನೂ ನೋಡಬೇಕು. ಎಕ್ಸ್‌ಚೇಂಜಿನ ಎದುರು ಗೇಟ್‌ವೇ ಯಾವತ್ತೂ ಯೂಸರ್. ಇಪಿಎಬಿಎಕ್ಸ್ ಎದುರಾದರೆ ಇಬ್ಬರಲ್ಲಿ ಒಬ್ಬರು ನೆಟ್‌ವರ್ಕ್ ಆಗಲೇಬೇಕು. ಇಬ್ಬರೂ ಯೂಸರ್ ಆದರೆ ಪೋರ್ಟಿನ ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ, ಎರಡನೆಯ ಪದರ, ಅಂದರೆ ಸೂಚನೆಗಳು ಓಡಾಡುವ ಕೊಂಡಿ, ಮೇಲೇಳುವುದಿಲ್ಲ. ದೀಪ ತೋರಿಸುವುದು ಮೊದಲ ಪದರವನ್ನು, ಅಂದರೆ ತಂತಿಯ ಸಿಗ್ನಲನ್ನಷ್ಟೇ.

ಮೊದಲ ಪದರದ ಸೆಟ್ಟಿಂಗ್ ಸುಲಭ. ನಮ್ಮಲ್ಲಿ ಲೈನಿನ ಬಗೆ ಇ1, ವೇಗ 2.048 ಎಂಬಿಪಿಎಸ್, ಬಿಟ್ಟುಗಳನ್ನು ತಂತಿಗೆ ಇಳಿಸುವ ಕ್ರಮ ಎಚ್‌ಡಿಬಿ3. ದೋಷ ಪತ್ತೆಹಚ್ಚುವ ಸಿಆರ್‌ಸಿ4 ಇದೆಯೋ ಇಲ್ಲವೋ ಎಂದು ಎಕ್ಸ್‌ಚೇಂಜಿನವರನ್ನೇ ಕೇಳಿ, ಊಹಿಸಬೇಡಿ. ಸ್ವಿಚ್ ಟೈಪ್, ಅಂದರೆ ಎಕ್ಸ್‌ಚೇಂಜ್ ಆಡುವ ಸೂಚನಾ ಭಾಷೆ, ಯೂರೋ ಐಎಸ್‌ಡಿಎನ್. ಪೆಟ್ಟಿಗೆಯಿಂದ ತೆಗೆದಾಗ ಕೆಲವು ಗೇಟ್‌ವೇಗಳು ಅಮೆರಿಕದ ಲೈನಾದ ಟಿ1ಗೆ ಹೊಂದಿಕೊಂಡಿರುತ್ತವೆ, ಅದನ್ನು ಮೊದಲು ಬದಲಿಸಿ. ಮೂವತ್ತು ಚಾನೆಲ್‌ಗಳೂ ಸಿಕ್ಕಿವೆಯೇ ಎಂದೂ ವಿಚಾರಿಸಿ. ಹತ್ತಕ್ಕೇ ಹಣ ಕಟ್ಟಿ, ಗೇಟ್‌ವೇಯಲ್ಲಿ ಮೂವತ್ತನ್ನೂ ತೆರೆದಿಟ್ಟರೆ ಕರೆ ಆಗಾಗ ಬೀಳುತ್ತದೆ, ಆಗಾಗ ಮಾತ್ರ. ಹುಡುಕಲು ತಲೆನೋವು ಕೊಡುವುದು ಅಂಥದ್ದೇ.

ಕ್ಲಾಕ್, ಅಂದರೆ ಬಿಟ್ಟುಗಳಿಗೆ ತಾಳ ಹಾಕುವ ಗಡಿಯಾರ, ಅದರ ವಿಷಯ ಹಾಗೆ ಸುಲಭವಲ್ಲ. ಅದು ಎಕ್ಸ್‌ಚೇಂಜಿನಿಂದಲೇ ಬರಬೇಕು. ಗೇಟ್‌ವೇ ತನ್ನದೇ ಗಡಿಯಾರ ಹಿಡಿದು ಕೂತರೆ ಎತ್ತು ಏರಿಗೆ, ಕೋಣ ನೀರಿಗೆ. ಲೈನಿನಲ್ಲಿ ಸ್ಲಿಪ್ ಆಗುತ್ತದೆ, ಅಂದರೆ ಕೆಲವು ಬಿಟ್ಟುಗಳು ಕಳೆದುಹೋಗುತ್ತವೆ ಇಲ್ಲವೇ ಎರಡು ಸಲ ಬರುತ್ತವೆ. ಮಾತಿನಲ್ಲಾದರೆ ಒಂದು ಸಣ್ಣ ‘ಟಿಕ್’, ಯಾರೂ ಗಮನಿಸುವುದಿಲ್ಲ. ವಿಡಿಯೊದಲ್ಲಿ ಫ್ರೇಮಿನ ಹೊಂದಾಣಿಕೆಯೇ ತಪ್ಪಿ ಚಿತ್ರ ಹೆಪ್ಪುಗಟ್ಟುತ್ತದೆ. ಸ್ಲಿಪ್ ಕೌಂಟರ್ ಏರುತ್ತಿದ್ದರೆ ಬೇರೇನೂ ಮುಟ್ಟಬೇಡಿ, ಮೊದಲು ಇದನ್ನು ಸರಿಮಾಡಿ.

ಇನ್ನು ನಂಬರ್. ಮುಂಬೈ 022, ಪುಣೆ 020, ಎರಡಕ್ಕೂ ಎಂಟಂಕಿ. ಗೋವಾ 0832, ಏಳಂಕಿ. ಮುಂಬೈಯಿಂದ ಪಣಜಿಗೆ ಕರೆ ಮಾಡುವಾಗ ಸೆಟಪ್ ಸಂದೇಶದಲ್ಲಿ ನಂಬರ್ ಟೈಪ್ ನ್ಯಾಷನಲ್ ಎಂದಿಟ್ಟರೆ ಮುಂದಿನ ಸೊನ್ನೆ ಕಳಿಸಬಾರದು, 832ರಿಂದ ಶುರುವಾಗಬೇಕು. ಅನ್‌ನೋನ್ ಎಂದಿಟ್ಟರೆ ಸೊನ್ನೆ ಬೇಕೇ ಬೇಕು. 384 ಕೆಬಿಪಿಎಸ್ ಕರೆ ಎಂದರೆ ಆರು ಚಾನೆಲ್, ಅಂದರೆ ಆರು ಕರೆ. ಮೊದಲನೆಯದು ಸೇರಿದ ಮೇಲೆ ಉಳಿದ ಐದಕ್ಕೆ ಯಾವ ನಂಬರ್ ಒತ್ತಬೇಕೆಂದು ಎದುರಿನ ಉಪಕರಣ ಹೇಳುತ್ತದೆ. ಅದು ಹೇಳುವ ನಂಬರ್ ನಮ್ಮ ಕಡೆಯಿಂದ ಒತ್ತುವ ರೂಪದಲ್ಲಿಲ್ಲದಿದ್ದರೆ ಒಂದು ಕೂಡುತ್ತದೆ, ಐದು ಹೊರಗೇ ಉಳಿಯುತ್ತವೆ. ಈ ದೋಷವನ್ನೂ ಮಾತಿನ ಕರೆ ತೋರಿಸುವುದಿಲ್ಲ, ಅದಕ್ಕೆ ಬೇಕಾದದ್ದು ಒಂದೇ ಚಾನೆಲ್.

ಅಮೆರಿಕದ ಕರೆ ಬೇರೆಯೇ ಜಾತಿ. ಅಲ್ಲಿನ ಹಳೆಯ ಕೆಲವು ಲೈನುಗಳು ಚಾನೆಲಿಗೆ 56 ಕೆಬಿಪಿಎಸ್ ಮಾತ್ರ ಕೊಡುತ್ತವೆ. ನಾವು 64ಕ್ಕೇ ಅಂಟಿಕೊಂಡರೆ ಕರೆ ಕೂಡುವುದಿಲ್ಲ, 56ಕ್ಕೆ ಇಳಿಯುವ ಅನುಮತಿ ಗೇಟ್‌ವೇಯಲ್ಲಿ ಕೊಟ್ಟಿರಬೇಕು.

ಇಷ್ಟಾದರೂ ಬೀಳುವ ಕರೆಗೆ ಕ್ಯೂ.931 ಟ್ರೇಸ್, ಅಂದರೆ ಡಿ-ಚಾನೆಲ್‌ನ ಸಂದೇಶಗಳ ದಾಖಲೆ, ತೆಗೆದು, ಕರೆ ಕಡಿಯುವ ಮೊದಲ ಸಂದೇಶದ ಕಾಸ್ ಕೋಡ್, ಅಂದರೆ ಕರೆ ಬಿದ್ದ ಕಾರಣದ ಸಂಖ್ಯೆ, ಓದಿ. 28 ಬಂದರೆ ನಂಬರಿನ ರೂಪ ತಪ್ಪು. 44 ಬಂದರೆ ಕೇಳಿದ ಚಾನೆಲ್ ಇಲ್ಲ. 57 ಎಂದರೆ ಲೈನಿಗೆ ಡೇಟಾ ಕರೆಯ ಅನುಮತಿ ಇಲ್ಲ, 65 ಎಂದರೆ ಆ ಸೇವೆಯೇ ಅಲ್ಲಿಲ್ಲ, 88 ಎಂದರೆ ಎದುರಿನದು ವಿಡಿಯೊಗೆ ಹೊಂದದ ಉಪಕರಣ. ಹೆಚ್ಚಿನ ಸಲ ಕೈಗೆ ಸಿಗುವುದು 57 ಅಥವಾ 65. ಅಂಥ ಟ್ರೇಸನ್ನು ಎಕ್ಸ್‌ಚೇಂಜಿಗೆ ಕಳಿಸುವಾಗ ‘ಫೋನ್ ಹೋಗುತ್ತಿದೆ’ ಎಂದು ಮಾತ್ರ ಬರೆಯಬೇಡಿ. ಅಷ್ಟು ಓದಿದ ಕೂಡಲೇ ಅವರು ದೂರು ಮುಚ್ಚಿಬಿಡುತ್ತಾರೆ.