ಹಾಳುಮಾಡಿದ ಅಣ್ಣನನ್ನೇ ತಮ್ಮ ಮತ್ತೆ ಕರೆದದ್ದೇಕೆ?

ಪ್ರಶ್ನೆ: ‘ದಿ ಫೈಟರ್’ ಎಂಬ ಬಾಕ್ಸಿಂಗ್ ಚಿತ್ರವನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು. ಮಾದಕ ವಸ್ತುವಿನ ಚಟಕ್ಕೆ ಬಿದ್ದ ಅಣ್ಣನಿಂದ ತಮ್ಮನ ಬದುಕೇ ಹಾಳಾಯಿತು, ತಾಯಿಯೂ ಅದಕ್ಕೆ ಜೊತೆಯಾದಳು. ಅವರಿಂದ ಬಿಡಿಸಿಕೊಂಡು ಗೆಲ್ಲತೊಡಗಿದ ಮೇಲೂ ಅವನು ಅದೇ ಅಣ್ಣನನ್ನು ಏಕೆ ಕರೆದುಕೊಂಡ? ಇದು ರಕ್ತಸಂಬಂಧದ ಮೇಲಿನ ನಿಷ್ಠೆಯೇ, ದೌರ್ಬಲ್ಯವೇ? ನಿಜ ಜೀವನದಲ್ಲೂ ಹೀಗೆಯೇ ನಡೆಯಿತೇ?
— ಓದುಗರೊಬ್ಬರು, ಸೋಮವಾರಪೇಟೆ

ಈ ಚಿತ್ರ ನೋಡಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಮ್ಮ ಕೊಡಗಿನ ಕಕ್ಕಡ ತಿಂಗಳ ಜಡಿಮಳೆಗೆ ಹೊರಗೆ ಕಾಲಿಡಲಾಗದೆ ಮನೆಯೊಳಗೇ ಉಳಿದ ಒಂದು ಸಂಜೆ ನಾನೂ ಮೊದಲ ಸಲ ಈ ಚಿತ್ರವನ್ನು ನೋಡಿದೆ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತು, ಹಿರಿಯರು ಒಂದು ಕಡೆ, ಕಿರಿಯರು ಇನ್ನೊಂದು ಕಡೆ ನಿಂತು ರಾತ್ರಿಯ ಊಟದವರೆಗೂ ವಾದಿಸಿದ್ದೆವು. ಮತ್ತೆರಡು ಸಲ ನೋಡಿದ ಮೇಲೆ ನನಗೆ ಖಚಿತವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ಅಣ್ಣನನ್ನು ಕರೆದುಕೊಂಡದ್ದು ಕರುಣೆಯಿಂದಲ್ಲ, ಹಳೆಯದನ್ನು ಮರೆತೂ ಅಲ್ಲ. ತನ್ನ ಆಟವನ್ನು ಅಣ್ಣನಷ್ಟು ಬಲ್ಲವರು ಬೇರೆ ಯಾರೂ ಇಲ್ಲ ಎಂಬ ಅರಿವಿನಿಂದ ಕರೆದುಕೊಂಡ, ಅದೂ ಅಣ್ಣನ ಸ್ಥಾನ ಯಾವುದು ಎಂಬುದನ್ನು ತಾನೇ ಗೊತ್ತುಮಾಡಿದ ಮೇಲೆ.

ಚಿತ್ರ ಬಂದದ್ದು 2010ರಲ್ಲಿ. ಡೇವಿಡ್ ಓ. ರಸೆಲ್ ನಿರ್ದೇಶಿಸಿದ ಇದರಲ್ಲಿ ತಮ್ಮ ಮಿಕ್ಕಿ ವಾರ್ಡ್ ಆಗಿ ಮಾರ್ಕ್ ವಾಲ್‌ಬರ್ಗ್, ಅಣ್ಣ ಡಿಕ್ಕಿ ಎಕ್ಲಂಡ್ ಆಗಿ ಕ್ರಿಶ್ಚಿಯನ್ ಬೇಲ್, ತಾಯಿ ಆಲಿಸ್ ಆಗಿ ಮೆಲಿಸ್ಸಾ ಲಿಯೊ, ಮಿಕ್ಕಿಯ ಗೆಳತಿ ಚಾರ್ಲೀನ್ ಆಗಿ ಏಮಿ ಆಡಮ್ಸ್ ನಟಿಸಿದ್ದಾರೆ. ಬೇಲ್ ಮತ್ತು ಲಿಯೊ ಇಬ್ಬರಿಗೂ ಪೋಷಕ ಪಾತ್ರಗಳಿಗಾಗಿ ಆಸ್ಕರ್ ಬಂತು. ಅಣ್ಣತಮ್ಮಂದಿರಿಬ್ಬರೂ ನಿಜವಾದ ವ್ಯಕ್ತಿಗಳು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಿಂದೆ ಬಟ್ಟೆಗಿರಣಿಗಳಿಂದ ಬೆಳೆದು, ಗಿರಣಿಗಳು ಮುಚ್ಚಿದ ಮೇಲೆ ಸೊರಗಿದ ಲೋವೆಲ್ ಎಂಬ ಊರಿನವರು. ತಾಯಿ ಒಬ್ಬಳೇ, ತಂದೆಯರು ಬೇರೆ ಬೇರೆ. ಮನೆಹೆಸರುಗಳು ಬೇರೆಯಾಗಿರುವುದು ಅದರಿಂದ. ತಂದೆಯ ಕಡೆಯಿಂದ ಬರುವ ಮನೆಹೆಸರಿನ ಮೇಲೆ ತಂಡ ಕಟ್ಟುವ ನಮ್ಮ ಕೊಡವ ಕೌಟುಂಬಿಕ ಹಾಕಿಯ ಲೆಕ್ಕದಲ್ಲಿ ನೋಡಿದರೆ ಇವರಿಬ್ಬರೂ ಎರಡು ಬೇರೆ ಒಕ್ಕಗಳ (ಮನೆತನಗಳ) ಪರವಾಗಿ ಎದುರುಬದುರು ಆಡಬೇಕಾದವರು. ಇಲ್ಲಿ ಮನೆಯನ್ನು ಹಿಡಿದಿಟ್ಟಿರುವವಳು ತಾಯಿ, ಮಗನ ಮ್ಯಾನೇಜರ್ ಕೂಡ ಅವಳೇ.

ಡಿಕ್ಕಿ ಊರಿನ ಹೆಮ್ಮೆ ಎನಿಸಿಕೊಂಡದ್ದು ಒಂದೇ ಒಂದು ರಾತ್ರಿಯ ಬಲದಿಂದ. 1978ರ ಜುಲೈ 18ರಂದು ಬಾಸ್ಟನ್‌ನಲ್ಲಿ ಅವನು ಮುಂದೆ ವಿಶ್ವ ಚಾಂಪಿಯನ್ ಆದ ಬಾಕ್ಸರ್ ಶುಗರ್ ರೇ ಲೆನಾರ್ಡ್ ಎದುರು ಹತ್ತು ಸುತ್ತು ನಿಂತ. ಗೆದ್ದವನು ಲೆನಾರ್ಡ್. ಆದರೆ ಆ ಪಂದ್ಯದ ನಡುವೆ ಲೆನಾರ್ಡ್ ಒಮ್ಮೆ ನೆಲಕ್ಕೆ ಬಿದ್ದಿದ್ದ. ಏಟಿಗೆ ಬಿದ್ದನೋ, ಕಾಲು ಜಾರಿ ಬಿದ್ದನೋ ಎಂಬ ಆ ಒಂದು ಕ್ಷಣವನ್ನೇ ಡಿಕ್ಕಿ ಜೀವನವಿಡೀ ಆಸ್ತಿಯಂತೆ ಹೊತ್ತು ತಿರುಗುತ್ತಾನೆ. ಊರಿನ ಬೀದಿಯಲ್ಲಿ ಎದುರಾದವರಿಗೆಲ್ಲ ಅದನ್ನೇ ಹೇಳುತ್ತಾನೆ, ತಾಯಿ ಅದನ್ನೇ ನಂಬುತ್ತಾಳೆ, ಏಳು ಮಂದಿ ಸಹೋದರಿಯರು ಅದನ್ನೇ ಉಸುರುತ್ತಾರೆ. ತಮ್ಮನ ಬದುಕು ಆ ಹಳೆಯ ಕಥೆಯ ನೆರಳಿನಲ್ಲಿ ಬೆಳೆಯುತ್ತದೆ.

ಇದರಿಂದ ಆದ ಹಾನಿಯನ್ನು ಚಿತ್ರ ಮುಚ್ಚಿಡುವುದಿಲ್ಲ. ತಮ್ಮನ ತರಬೇತುದಾರನಾದ ಅಣ್ಣ ತರಬೇತಿಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕ್ರ್ಯಾಕ್ ಎಂಬ ಕೊಕೇನ್ ಸೇದುವವರ ಮನೆಯಲ್ಲಿ ಬಿದ್ದಿರುತ್ತಾನೆ. ಒಂದು ಪಂದ್ಯದಲ್ಲಿ ಗೊತ್ತಾಗಿದ್ದ ಎದುರಾಳಿ ಕೊನೆಗಳಿಗೆಯಲ್ಲಿ ತಪ್ಪಿದಾಗ, ಮಿಕ್ಕಿಗಿಂತ ಸುಮಾರು ಒಂಬತ್ತು ಕಿಲೋ ಹೆಚ್ಚು ತೂಕದವನನ್ನು ಎದುರಿಗೆ ನಿಲ್ಲಿಸುತ್ತಾರೆ. ಪಂದ್ಯ ನಡೆಯದಿದ್ದರೆ ಯಾರಿಗೂ ಹಣ ಸಿಗುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಬಾಕ್ಸಿಂಗ್ ಬಲ್ಲವರಿಗೆ ಈ ದೃಶ್ಯ ನೋಡಲಾಗದಷ್ಟು ನೋವು ಕೊಡುತ್ತದೆ. ತೂಕದ ವಿಭಾಗಗಳು ಇರುವುದೇ ಆಟಗಾರನ ಪ್ರಾಣ ಕಾಯುವುದಕ್ಕೆ; ಒಡಹುಟ್ಟಿದವನೂ ಹೆತ್ತವಳೂ ಸೇರಿ ಆ ಬೇಲಿಯನ್ನು ಕಿತ್ತುಹಾಕುತ್ತಾರೆ. ಮುಖ ಊದಿಕೊಂಡು ಮನೆಗೆ ಬಂದ ಮಿಕ್ಕಿ ನಾಚಿಕೆಯಿಂದ ಹೊರಗೆ ಬಾರದಾಗುತ್ತಾನೆ.

ತಾಯಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಈ ಚಿತ್ರ ನೋಡಿದ ಹೆಚ್ಚಿನವರು ಆಲಿಸ್‌ಳನ್ನು ದೂಷಿಸಿ ಮುಗಿಸಿಬಿಡುತ್ತಾರೆ. ನಾನು ಹಾಗೆ ಮಾಡಲಾರೆ. ಮಗ ಎಲ್ಲಿ ಅಡಗಿದ್ದಾನೆಂದು ತಿಳಿದು ಅವಳು ಆ ಮನೆಯ ಬಾಗಿಲಿಗೆ ಹೋದಾಗ, ಡಿಕ್ಕಿ ಹಿಂದಿನ ಕಿಟಕಿಯಿಂದ ಹಾರಿ ತಪ್ಪಿಸಿಕೊಳ್ಳಲು ನೋಡುತ್ತಾನೆ. ಅವಳ ಕಣ್ಣಿಗೆ ಬೀಳುತ್ತಾನೆ. ಕಾರಿನಲ್ಲಿ ಕುಳಿತು ಅಳುವ ತಾಯಿಯನ್ನು ಸಮಾಧಾನಪಡಿಸಲು ಅವನು ಹಳೆಯ ಹಾಡೊಂದನ್ನು ಶುರು ಮಾಡುತ್ತಾನೆ, ಅವಳು ಕಣ್ಣೊರೆಸಿಕೊಳ್ಳುತ್ತ ದನಿಗೂಡಿಸುತ್ತಾಳೆ. ಚಟ ಹಿಡಿದ ಮಗನಿರುವ ಮನೆಯನ್ನು ಹತ್ತಿರದಿಂದ ಕಂಡವರಿಗೆ ಈ ಹಾಡು ಏನೆಂದು ಗೊತ್ತು. ಅಲ್ಲಿ ಪ್ರೀತಿ ಇಲ್ಲದಿಲ್ಲ; ಆದರೆ ಅದೆಲ್ಲವೂ ಮುಳುಗುತ್ತಿರುವವನ ಕಡೆಗೇ ಹರಿದುಹೋಗುತ್ತದೆ, ಈಜುತ್ತಿರುವವನ ಪಾಲಿಗೆ ಲೆಕ್ಕಪತ್ರ ಮಾತ್ರ ಉಳಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಡಿಕ್ಕಿ ಜೈಲು ಸೇರಿದ ಮೇಲೆ ಮಿಕ್ಕಿ ಹೊಸ ಏರ್ಪಾಡು ಮಾಡಿಕೊಳ್ಳುತ್ತಾನೆ. ಚಾರ್ಲೀನ್, ತಂದೆ ಜಾರ್ಜ್, ಲೋವೆಲ್ ಪೊಲೀಸ್ ಇಲಾಖೆಯ ಸಾರ್ಜೆಂಟ್ ಆಗಿದ್ದ ತರಬೇತುದಾರ ಮಿಕ್ಕಿ ಓಕೀಫ್ ಅವನ ಜೊತೆ ನಿಲ್ಲುತ್ತಾರೆ. (ಓಕೀಫ್ ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ, ಆ ಮುಖದಲ್ಲಿ ನಟನೆಯ ಲೇಪವೇ ಇಲ್ಲ.) ತಾಯಿಯೂ ಅಣ್ಣನೂ ಹೊರಗೆ ಉಳಿಯಬೇಕೆಂಬುದು ಷರತ್ತು. ಗೆಲುವುಗಳು ಬರತೊಡಗುತ್ತವೆ. ಆಲ್ಫೊನ್ಸೊ ಸಾಂಚೆಜ್ ಎಂಬ ಸೋಲರಿಯದ ಆಟಗಾರನ ಎದುರಿನ ಪಂದ್ಯಕ್ಕೆ ಮುಂಚೆ ಮಿಕ್ಕಿ ಜೈಲಿಗೆ ಹೋಗಿ ಅಣ್ಣನನ್ನು ಕಾಣುತ್ತಾನೆ. ಡಿಕ್ಕಿ ಬೇರೆಯದೇ ತಂತ್ರ ಹೇಳುತ್ತಾನೆ: ತಲೆಗೆ ಹೊಡೆ, ಪಕ್ಕೆಗೆ ಹೊಡೆ, ಮತ್ತೆ ತಲೆಗೆ, ಮತ್ತೆ ಪಕ್ಕೆಗೆ.

ಈ ಮಾತು ಕೇಳುವುದಕ್ಕೆ ಸುಲಭ, ಒಳಗಿನ ಲೆಕ್ಕ ಆಳವಾದದ್ದು. ತಲೆಗೆ ಏಟು ಬರುತ್ತದೆ ಎಂದಾಗ ಯಾರೇ ಆದರೂ ಕೈಗಳನ್ನು ಮೇಲಕ್ಕೆತ್ತಿ ಮುಖ ಕಾಯ್ದುಕೊಳ್ಳುತ್ತಾರೆ, ಆಗ ಮೊಣಕೈ ಪಕ್ಕೆಯಿಂದ ಸರಿದು ಬಲಗಡೆಯ ಕೆಳಪಕ್ಕೆ ತೆರೆದುಕೊಳ್ಳುತ್ತದೆ. ಅದರ ಹಿಂದೆಯೇ ಇರುವುದು ಯಕೃತ್ತು. ಎಡಗೈಯ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತ) ಅಲ್ಲಿಗೆ ಸರಿಯಾಗಿ ತಗುಲಿದರೆ ನರಗಳು ಒಮ್ಮೆಲೇ ಕೆರಳಿ ರಕ್ತದ ಒತ್ತಡ ಕುಸಿಯುತ್ತದೆ, ಉಸಿರು ಕಟ್ಟುತ್ತದೆ, ಕಾಲುಗಳು ಮಾತು ಕೇಳುವುದಿಲ್ಲ. ತಲೆಗೆ ಬಿದ್ದ ಏಟನ್ನು ಛಲದಿಂದ ತಡೆದುಕೊಂಡು ನಿಲ್ಲುವವರಿದ್ದಾರೆ. ಈ ಏಟಿಗೆ ಛಲ ಉತ್ತರವಲ್ಲ, ಪ್ರಜ್ಞೆ ಪೂರ್ತಿ ಇದ್ದೂ ಮನುಷ್ಯ ಏಳಲಾರ. ಮಿಕ್ಕಿಯ ನಿಜವಾದ ಬಲ ಆ ಎಡಗೈಯಲ್ಲೇ ಇತ್ತು. 1997ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ನಿಜ ಪಂದ್ಯದಲ್ಲೂ, ಸುತ್ತಿನ ಮೇಲೆ ಸುತ್ತು ಸೋಲುತ್ತಿದ್ದ ಅವನು ಏಳನೆಯ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಒಂದೇ ಎಡಗೈ ಹೊಡೆತದಿಂದ ಸಾಂಚೆಜ್‌ನನ್ನು ಕೆಡವಿದ.

ಚಿತ್ರದಲ್ಲಿ ಓಕೀಫ್‌ರ ತಂತ್ರ ಫಲಿಸದಿದ್ದಾಗ ಮಿಕ್ಕಿ ಅಣ್ಣನ ಮಾತಿಗೆ ತಿರುಗಿ ಗೆಲ್ಲುತ್ತಾನೆ, ಮತ್ತು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾನೆ. ಡಿಕ್ಕಿ ಬಿಡುಗಡೆಯಾಗಿ ಜಿಮ್‌ಗೆ ಬಂದ ದಿನ ದೊಡ್ಡ ಜಗಳವಾಗುತ್ತದೆ. ಅಣ್ಣ ಬೇಡವೆನ್ನುವವರ ಬಾಯಿ ಮುಚ್ಚಿಸಲು ಮಿಕ್ಕಿ ಅವನನ್ನು ಹೊಗಳುವುದಿಲ್ಲ, ಅಣ್ಣನ ತಪ್ಪುಗಳಿಗೆ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಅಣ್ಣ ಹೇಳಿದ ತಂತ್ರದಿಂದಲೇ ತಾನು ಗೆದ್ದದ್ದು ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ; ಚಾರ್ಲೀನ್, ಓಕೀಫ್, ಅಣ್ಣ, ತಾಯಿ ಎಲ್ಲರೂ ತನಗೆ ಬೇಕು ಎನ್ನುತ್ತಾನೆ. ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಡು ಎಂದು ಎರಡೂ ಕಡೆಯವರು ಹಿಡಿದ ಪಟ್ಟನ್ನು ಅವನು ಒಪ್ಪುವುದಿಲ್ಲ. ಅಲ್ಲಿಯವರೆಗೆ ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದ ಮನುಷ್ಯ ಮೊದಲ ಸಲ ಯಜಮಾನನಂತೆ ಮಾತನಾಡುವುದು ಇಲ್ಲಿ. ಇದನ್ನು ದೌರ್ಬಲ್ಯ ಎಂದು ಕರೆಯಲು ನನಗೆ ಸಾಧ್ಯವಾಗುವುದಿಲ್ಲ.

ಇನ್ನೊಂದು ಅರ್ಧ ಅಣ್ಣನ ಕಡೆಯದು. ಡಿಕ್ಕಿಯ ಬಗ್ಗೆ ತೆಗೆಯುತ್ತಿದ್ದ ಸಾಕ್ಷ್ಯಚಿತ್ರ ತನ್ನ ಮರುಪ್ರವೇಶದ ಕಥೆ ಎಂದು ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಜೈಲಿನಲ್ಲಿ ಕೈದಿಗಳ ನಡುವೆ ಕುಳಿತು ನೋಡಿದಾಗ ಅದು ಕ್ರ್ಯಾಕ್ ಚಟದಿಂದ ಹಾಳಾದವರ ಕಥೆ ಎಂದು ಗೊತ್ತಾಗುತ್ತದೆ. (ಎಚ್‌ಬಿಒ ವಾಹಿನಿಯ ಆ ಸಾಕ್ಷ್ಯಚಿತ್ರ 1995ರಲ್ಲಿ ನಿಜವಾಗಿಯೂ ಬಂದಿತ್ತು.) ಬಿಡುಗಡೆಯಾಗಿ ಬಂದ ಅವನು ಜಿಮ್‌ನ ಜಗಳದ ನಂತರ ತಾನೇ ನಡೆದು ಚಾರ್ಲೀನ್ ಮನೆಗೆ ಹೋಗುತ್ತಾನೆ. ಇಬ್ಬರೂ ಬಿರುಸಾಗಿಯೇ ಮಾತನಾಡುತ್ತಾರೆ, ಯಾರೂ ಯಾರ ಕಾಲಿಗೂ ಬೀಳುವುದಿಲ್ಲ, ಆದರೆ ಮಿಕ್ಕಿಗೆ ತಾವಿಬ್ಬರೂ ಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ತಮ್ಮನನ್ನು ಗೆದ್ದುಕೊಳ್ಳಲು ತಮ್ಮನ ಬಳಿ ಹೋಗದೆ, ತನ್ನನ್ನು ಅತಿಯಾಗಿ ದ್ವೇಷಿಸುವವಳ ಬಾಗಿಲಿಗೆ ಹೋದ ಆ ನಡಿಗೆಯೇ ನನ್ನ ಕಣ್ಣಿಗೆ ಡಿಕ್ಕಿಯ ಪ್ರಾಯಶ್ಚಿತ್ತ.

ಪ್ರಶಸ್ತಿಯ ಪಂದ್ಯದಲ್ಲಿ, ಸುತ್ತುಗಳ ನಡುವೆ ಸಿಗುವ ಒಂದೇ ಒಂದು ನಿಮಿಷದಲ್ಲಿ, ಅವನು ತಮ್ಮನಿಗೆ ಹೇಳುವ ಮಾತಿನ ಭಾವ ಇಷ್ಟು: ನನಗೂ ಕಾಲ ಬಂದಿತ್ತು, ನಾನು ಕಳೆದುಕೊಂಡೆ, ನೀನು ಕಳೆದುಕೊಳ್ಳಬೇಡ. ಲೆನಾರ್ಡ್ ಎದುರು ನಿಂತದ್ದೇ ಸಾಕೇ ಎಂದು ಡಿಕ್ಕಿ ತನ್ನ ಬಾಯಿಯಿಂದಲೇ ಕೇಳುವಾಗ, ಇಪ್ಪತ್ತು ವರ್ಷ ಮನೆಯನ್ನು ಆಳಿದ ಕಥೆಯನ್ನು ಅವನೇ ಕೆಳಗಿಳಿಸುತ್ತಾನೆ. ರಿಂಗ್‌ನೊಳಗೆ ಆಟಗಾರ ಒಬ್ಬನೇ, ತನ್ನ ಕೈ ಎಲ್ಲಿ ಕೆಳಗಿಳಿಯುತ್ತಿದೆ, ಎದುರಾಳಿ ಯಾವ ಕಾಲಿನ ಮೇಲೆ ಭಾರ ಹಾಕುತ್ತಿದ್ದಾನೆ ಎಂಬುದು ಅವನಿಗೆ ಕಾಣುವುದಿಲ್ಲ. ಮೂಲೆಯಲ್ಲಿ ನಿಂತ ತರಬೇತುದಾರನೇ ಅವನ ಕಣ್ಣು. ಚಿಕ್ಕಂದಿನಿಂದ ಕೈಹಿಡಿದು ಹೊಡೆತ ಕಲಿಸಿದವನ ಕಣ್ಣಿಗೆ ಕಾಣುವಷ್ಟು ಬೇರೆಯವರಿಗೆ ಕಾಣುವುದು ಕಷ್ಟ.

ನಮ್ಮ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅರ್ಜುನ ಪ್ರಶಸ್ತಿ ಪಡೆದ ಬಾಕ್ಸರ್ ಸಿ.ಸಿ. ಮಾಚಯ್ಯನವರು ಇಲ್ಲಿಯವರೇ ಆದರೂ ನಮ್ಮ ಮನೆಗಳ ಆಟ ಹಾಕಿ. 1997ರಲ್ಲಿ ಕರಡ ಎಂಬ ಊರಿನಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಅಣ್ಣ, ತಮ್ಮ, ಚಿಕ್ಕಪ್ಪ ಒಂದೇ ಮನೆಹೆಸರಿನಲ್ಲಿ ಕಣಕ್ಕಿಳಿಯುತ್ತಾರೆ. ಹನ್ನೊಂದು ಮಂದಿಯಲ್ಲಿ ಯಾರನ್ನು ಕೈಬಿಡುವುದು ಎಂಬ ಮಾತು ಬಂದಾಗ ಆಟದ ಲೆಕ್ಕ ಎಲ್ಲಿ ಮುಗಿಯುತ್ತದೆ, ಮನೆಯ ಲೆಕ್ಕ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಎಷ್ಟು ಕಠಿಣ ಎಂಬುದನ್ನು ಮೈದಾನದ ಅಂಚಿನಲ್ಲಿ ನಿಂತವರೆಲ್ಲ ಬಲ್ಲರು. ಮಿಕ್ಕಿ ಎಳೆದ ಗೆರೆ ಅದೇ. ಅಣ್ಣನಿಗೆ ರಿಂಗ್‌ನ ಮೂಲೆಯನ್ನು ಮರಳಿ ಕೊಟ್ಟ. ತನ್ನ ಬದುಕಿನ ಕಡಿವಾಣವನ್ನು ಮರಳಿ ಕೊಡಲಿಲ್ಲ. ಹಾಗಾಗಿ, ಕುಡಿತಕ್ಕೋ ಚಟಕ್ಕೋ ಬಿದ್ದ ಅಣ್ಣನಿಗೆ ತೋಟದ ಲೆಕ್ಕವನ್ನು ಮತ್ತೆ ಒಪ್ಪಿಸಬೇಕೆಂದು ಈ ಚಿತ್ರ ಹೇಳುತ್ತದೆ ಎಂದು ಯಾರಾದರೂ ಅರ್ಥಮಾಡಿಕೊಂಡರೆ ಅದು ತಪ್ಪು ಓದು.

ನಿಜ ಜೀವನದ ಬಗ್ಗೆ ಕೇಳಿದ್ದೀರಿ. ಚಿತ್ರ ವರ್ಷಗಳನ್ನು ಒತ್ತಿ ಹತ್ತಿರ ತಂದಿದೆ, ಬೇರೆ ಬೇರೆ ಕಾಲದ ಪಂದ್ಯಗಳನ್ನು ಒಂದೇ ಓಟದಲ್ಲಿ ಜೋಡಿಸಿದೆ. ಮಿಕ್ಕಿ ಸತತ ಸೋಲುಗಳ ನಂತರ 1991ರಲ್ಲಿ ಆಟ ಬಿಟ್ಟು, ರಸ್ತೆಗೆ ಡಾಂಬರು ಹಾಕುವ ಕೆಲಸ ಮಾಡಿಕೊಂಡಿದ್ದು, 1994ರಲ್ಲಿ ಮರಳಿದ. ಚಿತ್ರದ ಕೊನೆಯಲ್ಲಿ ಬರುವ ಪ್ರಶಸ್ತಿಯ ಪಂದ್ಯ ನಿಜದಲ್ಲಿ ನಡೆದದ್ದು 2000ದ ಮಾರ್ಚ್‌ನಲ್ಲಿ, ಲಂಡನ್‌ನಲ್ಲಿ. ಷೇ ನಿಯರಿಯನ್ನು ಎಂಟನೆಯ ಸುತ್ತಿನಲ್ಲಿ ಸೋಲಿಸಿ ವರ್ಲ್ಡ್ ಬಾಕ್ಸಿಂಗ್ ಯೂನಿಯನ್ (ಡಬ್ಲ್ಯುಬಿಯು) ಎಂಬ ಸಂಸ್ಥೆಯ ಪಟ್ಟ ಗೆದ್ದ. ಅದು ದೊಡ್ಡ ಸಂಸ್ಥೆಗಳ ಪಟ್ಟಗಳಷ್ಟು ತೂಕದ್ದಲ್ಲ ಎಂಬುದನ್ನೂ ಹೇಳಬೇಕು.

ಅಣ್ಣತಮ್ಮಂದಿರ ಏರ್ಪಾಡು ಅಲ್ಲಿಗೆ ನಿಲ್ಲಲಿಲ್ಲ. ಮಿಕ್ಕಿಯನ್ನು ಜಗತ್ತು ಇಂದಿಗೂ ನೆನೆಯುವುದು ಚಿತ್ರ ತೋರಿಸದ ಪಂದ್ಯಗಳಿಗಾಗಿ, 2002 ಮತ್ತು 2003ರಲ್ಲಿ ಅರ್ತುರೊ ಗಾಟ್ಟಿ ಎದುರು ಆಡಿದ ಮೂರು ಪಂದ್ಯಗಳಿಗಾಗಿ. ಮೊದಲನೆಯದನ್ನು ಮಿಕ್ಕಿ ಗೆದ್ದ, ಉಳಿದೆರಡನ್ನು ಗಾಟ್ಟಿ. 2002ರ ಮೇ 18ರ ಆ ಮೊದಲ ಪಂದ್ಯದ ಒಂಬತ್ತನೆಯ ಸುತ್ತನ್ನು ಬಾಕ್ಸಿಂಗ್ ಪ್ರೇಮಿಗಳು ಮತ್ತೆ ಮತ್ತೆ ನೋಡುತ್ತಾರೆ. ಸುತ್ತು ಶುರುವಾದ ಸ್ವಲ್ಪ ಹೊತ್ತಿಗೇ ಮಿಕ್ಕಿಯ ಎಡಗೈ ಗಾಟ್ಟಿಯ ಪಕ್ಕೆಗೆ ಬೀಳುತ್ತದೆ, ಗಾಟ್ಟಿ ನೋವಿನಿಂದ ಮುಖ ಕಿವುಚಿ ನೆಲಕ್ಕೆ ಕುಸಿಯುತ್ತಾನೆ. ಅವಕಾಶ ಸಿಕ್ಕರೆ ಆ ಸುತ್ತನ್ನು ಹುಡುಕಿ ನೋಡಿ. ಆ ರಾತ್ರಿ ಮಿಕ್ಕಿಯ ಮೂಲೆಯಲ್ಲಿ ನಿಂತಿದ್ದವನು ಡಿಕ್ಕಿ.