ಡರ್ಹಮ್ ಬಿಷಪ್‌ಗೆ ಅಷ್ಟೊಂದು ಅಧಿಕಾರ ಎಲ್ಲಿಂದ ಬಂತು?

ಇಂಗ್ಲೆಂಡಿನ ಚರ್ಚ್ ಇತಿಹಾಸ ಓದುವವರು ಡರ್ಹಮ್ ಹತ್ತಿರ ಬಂದಾಗ ಸ್ವಲ್ಪ ಗಲಿಬಿಲಿ ಆಗುವುದು ಸಹಜ. ಬಿಷಪ್ ಅಂದರೆ ಪಾದ್ರಿಗಳ ಮೇಲ್ವಿಚಾರಕರು, ಸರಿ. ಆದರೆ ಮಧ್ಯಯುಗದಲ್ಲಿ ಇಲ್ಲಿನ ಬಿಷಪ್ ನ್ಯಾಯಾಧೀಶರನ್ನು ನೇಮಿಸುತ್ತಿದ್ದರು, ನಾಣ್ಯ ಅಚ್ಚು ಹಾಕಿಸುತ್ತಿದ್ದರು, ಸೈನ್ಯ ಕಟ್ಟುತ್ತಿದ್ದರು. ಪಠ್ಯಪುಸ್ತಕಗಳು 'ಪ್ರಿನ್ಸ್ ಬಿಷಪ್' ಅಂತ ಹೆಸರು ಹೇಳಿ ಮುಂದೆ ಹೋಗಿಬಿಡುತ್ತವೆ. ಯಾಕೆ ಹೀಗೆ ಅನ್ನುವುದು ತಿಳಿಯಬೇಕಾದರೆ ಭೂಪಟ ಬಿಚ್ಚಿಟ್ಟುಕೊಂಡು ಓದಿ. ಡರ್ಹಮ್ ಲಂಡನ್ನಿಗೆ ಬಲು ದೂರ, ಸ್ಕಾಟ್ಲೆಂಡ್ ಗಡಿಗೆ ಹತ್ತಿರ. ಮುಂದಿನದ್ದೆಲ್ಲ ಇದರಿಂದಲೇ ಹುಟ್ಟಿದ್ದು.

ಮೊದಲು ಸಂತ, ಆಮೇಲೆ ಊರು

635ರಲ್ಲಿ ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯಾ ರಾಜ್ಯದ ರಾಜ ಓಸ್ವಾಲ್ಡ್ ಸ್ಕಾಟ್ಲೆಂಡಿನ ಐಯೋನಾ ದ್ವೀಪದಿಂದ ಏಡನ್ ಎಂಬ ಸನ್ಯಾಸಿಯನ್ನು ಕರೆಸಿದ. ಲಿಂಡಿಸ್ಫಾರ್ನ್ ದ್ವೀಪವನ್ನು ಅವರಿಗೆ ಕೊಟ್ಟ. ಏಡನ್ ಅಲ್ಲಿನ ಮೊದಲ ಬಿಷಪ್. ಅದೇ ಪೀಠಕ್ಕೆ 685ರಲ್ಲಿ ಬಂದ ಕತ್‌ಬರ್ಟ್ ಎರಡೇ ವರ್ಷಕ್ಕೆ ತೀರಿಕೊಂಡರು. ಆದರೆ ಜನ ಅವರನ್ನು ಬಿಡಲಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ ಅವರಷ್ಟು ಭಕ್ತಿ ಪಡೆದ ಸಂತರು ಕಡಿಮೆ.

793ರಲ್ಲಿ ವೈಕಿಂಗರು ದ್ವೀಪದ ಮೇಲೆ ದಾಳಿ ಮಾಡಿದರು. 875ರಲ್ಲಿ ಸನ್ಯಾಸಿಗಳು ಕತ್‌ಬರ್ಟ್ ದೇಹವನ್ನು ಹೊತ್ತುಕೊಂಡು ಹೊರಟೇಬಿಟ್ಟರು. ಕೆಲವು ವರ್ಷ ಅಲೆದು ಚೆಸ್ಟರ್-ಲ-ಸ್ಟ್ರೀಟ್‌ನಲ್ಲಿ ನೆಲೆಸಿದರು. 995ರಲ್ಲಿ ಡರ್ಹಮ್‌ಗೆ ಬಂದರು. ಮೂರು ಕಡೆ ವಿಯರ್ ನದಿ ಸುತ್ತುವರಿದ ಬಂಡೆಯ ಮೇಲಿನ ಜಾಗ ಅದು, ರಕ್ಷಣೆಗೆ ಹೇಳಿ ಮಾಡಿಸಿದ್ದು. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ದೇಹ ಹೋದ ಕಡೆಗೆಲ್ಲ ಬಿಷಪ್ ಪೀಠವೂ ಹೋಯಿತು. ದಾನ ಬಂದ ಭೂಮಿಯೂ ಕತ್‌ಬರ್ಟ್ ಹೆಸರಿಗೇ ಬರುತ್ತಿತ್ತು. ನಮ್ಮಲ್ಲಿ ದೇವರ ಹೆಸರಿನಲ್ಲಿ ಜಮೀನು ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಆ ಜಮೀನನ್ನು ನೋಡಿಕೊಳ್ಳುವವರು ಬಿಷಪ್.

ರಾಜನ ಲೆಕ್ಕಾಚಾರ

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ ರಾಜ ವಿಲಿಯಂಗೆ ಉತ್ತರ ಭಾಗ ದೊಡ್ಡ ತಲೆನೋವು. ಅಲ್ಲಿ ದಂಗೆ ತಪ್ಪಿದ್ದಲ್ಲ. 1071ರಲ್ಲಿ ವಾಲ್ಚರ್ ಎಂಬುವವರನ್ನು ಬಿಷಪ್ ಮಾಡಿದ. ಆ ಪ್ರದೇಶದ ಅರ್ಲ್ (ರಾಜನ ಕೈಕೆಳಗೆ ಆಳುವ ಸಾಮಂತ) ವಾಲ್ಥಿಯಾಫ್ ದಂಗೆಯಲ್ಲಿ ಸಿಕ್ಕಿಬಿದ್ದು 1076ರಲ್ಲಿ ತಲೆ ಕಳೆದುಕೊಂಡಾಗ, ಅರ್ಲ್ ಅಧಿಕಾರವೂ ವಾಲ್ಚರ್ ಕೈಗೆ ಬಂತು. ಎರಡು ಅಧಿಕಾರ ಒಬ್ಬರಲ್ಲೇ ಸೇರಿದ್ದು ಆಗ. ಅದು ಸುಖಾಂತ್ಯ ಆಗಲಿಲ್ಲ ಅನ್ನಿ. ಅವರ ಕಡೆಯವರು ಲಿಗುಲ್ಫ್ ಎಂಬ ಸ್ಥಳೀಯ ಮುಖಂಡನನ್ನು ಕೊಂದರು. 1080ರಲ್ಲಿ ಗೇಟ್ಸ್‌ಹೆಡ್‌ನಲ್ಲಿ ರೊಚ್ಚಿಗೆದ್ದ ಜನ ಬಿಷಪ್ಪರನ್ನೇ ಕೊಂದುಹಾಕಿದರು.

ಇಷ್ಟಾದರೂ ರಾಜರು ಈ ಪದ್ಧತಿ ಬಿಡಲಿಲ್ಲ. ಯಾಕೆ? ಗಡಿ ಕಾಯಲು ಶ್ರೀಮಂತ ಮನೆತನವೊಂದಕ್ಕೆ ಅಧಿಕಾರ ಕೊಟ್ಟರೆ ಅದು ಅಪ್ಪನಿಂದ ಮಗನಿಗೆ ಹೋಗುತ್ತದೆ. ನಾಲ್ಕು ತಲೆಮಾರು ಕಳೆದರೆ ಅವರು ರಾಜನಿಗೇ ಎದುರು ನಿಲ್ಲಬಹುದು. ಬಿಷಪ್‌ಗೆ ಪೀಠವನ್ನು ಮಗನಿಗೆ ಬಿಟ್ಟುಹೋಗುವ ಹಕ್ಕಿಲ್ಲ. ಅವರು ಸತ್ತರೆ ಪೀಠ ಖಾಲಿ. ಖಾಲಿ ಇರುವಷ್ಟು ದಿನ ಅದರ ಆದಾಯ ರಾಜನಿಗೆ, ಮುಂದಿನವರು ಯಾರು ಅನ್ನುವುದರಲ್ಲೂ ರಾಜನ ಮಾತೇ ಜಾಸ್ತಿ ನಡೆಯುತ್ತಿತ್ತು. ವಿಲಿಯಂನ ಮಗ, ರಾಜ ವಿಲಿಯಂ ರೂಫಸ್ ಅಂತೂ 1096ರಿಂದ 1099ರವರೆಗೆ ಪೀಠವನ್ನು ಸುಮ್ನೆ ಖಾಲಿ ಇಟ್ಟು ಹಣ ಎಣಿಸಿಕೊಂಡ. ಆ ವಸೂಲಿ ನೋಡಿಕೊಂಡ ರಾನುಲ್ಫ್ ಫ್ಲಾಂಬಾರ್ಡ್‌ರನ್ನೇ ಆಮೇಲೆ ಬಿಷಪ್ ಮಾಡಿದ! ಇದೇ ಫ್ಲಾಂಬಾರ್ಡ್ ಮುಂದಿನ ರಾಜನ ಕಾಲದಲ್ಲಿ ಲಂಡನ್ ಟವರ್‌ನಲ್ಲಿ ಸೆರೆಯಾಗಿ, 1101ರಲ್ಲಿ ಹಗ್ಗ ಹಿಡಿದು ಇಳಿದು ತಪ್ಪಿಸಿಕೊಂಡರು. ಪರೀಕ್ಷೆಗೆ ಬೇಕಿಲ್ಲ, ಆದರೆ ಮರೆಯೋಕೂ ಆಗಲ್ಲ.

ಹೀಗೆ ಬೆಳೆದದ್ದೇ 'ಕೌಂಟಿ ಪ್ಯಾಲಟೈನ್' ವ್ಯವಸ್ಥೆ. ಟೀಸ್ ಮತ್ತು ಟೈನ್ ನದಿಗಳ ನಡುವೆ ರಾಜನ ಆಜ್ಞಾಪತ್ರ ನೇರವಾಗಿ ನಡೆಯುತ್ತಿರಲಿಲ್ಲ. ಕೋರ್ಟು, ಶೆರಿಫ್, ಚಾನ್ಸಲರ್ ಎಲ್ಲ ಬಿಷಪ್ಪರವರೇ. ಅಪರಾಧಿಗೆ ಕ್ಷಮೆ ಕೊಡುವ ಹಕ್ಕೂ ಅವರದ್ದೇ. ರಾಜ ವಿಲಿಯಂ ದೇಶದ ಭೂಮಿಯ ಲೆಕ್ಕ ಬರೆಸಿದ 1086ರ ಡೂಮ್ಸ್‌ಡೇ ಸಮೀಕ್ಷೆಯಲ್ಲಿ ಡರ್ಹಮ್ ಇಲ್ಲ. ಬಿಷಪ್ ಹ್ಯೂ ದ ಪ್ಯುಸೆ 1183ರಲ್ಲಿ ತಮ್ಮದೇ ಭೂಮಿಯ ಲೆಕ್ಕ ಬರೆಸಿದರು, ಅದು 'ಬೋಲ್ಡನ್ ಬುಕ್'. ಯಾವ ಹಳ್ಳಿ ಏನು ಕೊಡಬೇಕು, ಎಷ್ಟು ಬಿಟ್ಟಿ ದುಡಿಯಬೇಕು ಅನ್ನುವ ವಿವರ ಅದರಲ್ಲಿದೆ.

ಆಂಟನಿ ಬೆಕ್ ಉದಾಹರಣೆ

ಒಬ್ಬರೇ ಬಿಷಪ್ ಬಗ್ಗೆ ವಿವರವಾಗಿ ಬರೆಯಿರಿ ಅಂದರೆ ನಾನು ಬೆಕ್ ಅವರನ್ನೇ ಆರಿಸುತ್ತೇನೆ. 1284ರಿಂದ 1311ರವರೆಗೆ ಪೀಠದಲ್ಲಿದ್ದರು. 1298ರ ಫಾಲ್ಕರ್ಕ್ ಯುದ್ಧದಲ್ಲಿ ಒಂದು ಸೇನಾಭಾಗದ ಮುಂದಾಳು. ಇಂಗ್ಲೆಂಡಿಗೆ ಇಬ್ಬರು ರಾಜರಿದ್ದಾರೆ, ಒಬ್ಬರ ತಲೆಯ ಮೇಲೆ ಕಿರೀಟ, ಇನ್ನೊಬ್ಬರ ತಲೆಯ ಮೇಲೆ ಬಿಷಪ್ ಟೋಪಿ ಅಂತ ಅವರ ಅಧಿಕಾರಿಯೊಬ್ಬ ಹೇಳಿಕೊಂಡದ್ದು ದಾಖಲಾಗಿದೆ. ಈ ಮಾತನ್ನು ಎಲ್ಲರೂ ಬರೆಯುತ್ತಾರೆ. ಮುಂದೆ ಏನಾಯಿತು ಅನ್ನುವುದನ್ನು ಬಿಡುತ್ತಾರೆ. ಬೆಕ್ ತಮ್ಮದೇ ಕೆಥೆಡ್ರಲ್ ಮಠದ ಪ್ರಯರ್ (ಮಠದ ಮುಖ್ಯಸ್ಥ) ಜೊತೆ ಜಗಳಕ್ಕೆ ಬಿದ್ದರು. ಆ ಗಲಾಟೆಯ ಮಧ್ಯೆ ರಾಜ ಮೊದಲನೇ ಎಡ್ವರ್ಡ್ ಡರ್ಹಮ್ ಆಡಳಿತವನ್ನು ಎರಡು ಸಲ ತನ್ನ ಕೈಗೆ ತೆಗೆದುಕೊಂಡ. ಅಂದರೆ ಎರಡನೇ ರಾಜ ಮೊದಲನೇ ರಾಜನ ಮರ್ಜಿಯಲ್ಲೇ ಇದ್ದದ್ದು.

ಈ ಜಗಳದಲ್ಲಿ ಇನ್ನೊಂದು ಪಾಠವೂ ಇದೆ. ಕೆಥೆಡ್ರಲ್‌ನಲ್ಲಿ ಬಿಷಪ್ ಆಸನ ಇರುತ್ತದೆ, ಆದರೆ ಅದನ್ನು ನಡೆಸುವವರು ಬೇರೆ. 1083ರಿಂದ ಬೆನೆಡಿಕ್ಟೀನ್ ಸನ್ಯಾಸಿಗಳು ನಡೆಸಿದರು, ಮಠ ಮುಚ್ಚಿದ ಮೇಲೆ ಡೀನ್ ಎಂಬ ಮುಖ್ಯ ಪಾದ್ರಿ ಮತ್ತು ಅವರ ಚಾಪ್ಟರ್, ಅಂದರೆ ಪಾದ್ರಿಗಳ ಮಂಡಳಿ. 1093ರಲ್ಲಿ ಶುರುವಾದ ಆ ಭವ್ಯ ಕಟ್ಟಡ ಬಿಷಪ್ಪರ ಸ್ವಂತದ್ದು ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ.

ಇಳಿಜಾರು

ಎರಡು ವರ್ಷ ಬೇರೆ ಬೇರೆಯಾಗಿ ನೆನಪಿಡಿ: 1536 ಮತ್ತು 1836. ಎಂಟನೇ ಹೆನ್ರಿಯ 1536ರ ಕಾಯ್ದೆ ಅಧಿಕಾರವನ್ನು ಮೊಟಕು ಮಾಡಿತು, ಆಜ್ಞಾಪತ್ರಗಳು ರಾಜನ ಹೆಸರಲ್ಲೇ ಹೊರಡಬೇಕು ಅಂತ ಆಯಿತು. 1836ರ ಕಾಯ್ದೆ ಉಳಿದ ಪ್ಯಾಲಟೈನ್ ಹಕ್ಕುಗಳನ್ನು ರಾಜಮುಕುಟಕ್ಕೆ ವರ್ಗಾಯಿಸಿತು.

ನಡುವೆ ಇಂಗ್ಲೆಂಡಿನ ಚರ್ಚ್ ಪೋಪ್‌ನಿಂದ ಬೇರೆಯಾದ ಧರ್ಮಸುಧಾರಣೆಯ ಕಾಲ. ಬಿಷಪ್ ಕತ್‌ಬರ್ಟ್ ಟನ್‌ಸ್ಟಲ್ (ಹಳೆಯ ಸಂತರಲ್ಲ, ಅದೇ ಹೆಸರಿನ ಇನ್ನೊಬ್ಬರು) ಎರಡು ಸಲ ಪೀಠ ಕಳೆದುಕೊಂಡರು, 1552ರಲ್ಲಿ ಒಮ್ಮೆ, 1559ರಲ್ಲಿ ಇನ್ನೊಮ್ಮೆ. 1561ರಲ್ಲಿ ಬಂದ ಜೇಮ್ಸ್ ಪಿಲ್ಕಿಂಗ್ಟನ್ ಮೊದಲ ಪ್ರೊಟೆಸ್ಟೆಂಟ್ ಬಿಷಪ್. ಪೀಠ ಅದೇ, ಚರ್ಚ್ ಮಾತ್ರ ಈಗ ಆಂಗ್ಲಿಕನ್. 1603ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡಕ್ಕೂ ಒಬ್ಬನೇ ರಾಜ ಬಂದ ಮೇಲೆ ಗಡಿ ಕಾಯುವ ಕೆಲಸವೇ ಇಲ್ಲವಾಯಿತು. ಆದರೂ ಹಕ್ಕುಗಳು ಇನ್ನೂರು ವರ್ಷ ಉಳಿದವು, ಕಲ್ಲಿದ್ದಲು ಗಣಿಗಳಿಂದ ಬಿಷಪ್ಪರ ಆದಾಯವೂ ಚೆನ್ನಾಗಿತ್ತು. 1670ರ ದಶಕದವರೆಗೂ ಡರ್ಹಮ್‌ಗೆ ಸಂಸತ್ತಿನಲ್ಲಿ ಖಾಯಂ ಸದಸ್ಯರೇ ಇರಲಿಲ್ಲ! ಕೊನೆಯ ಪ್ರಿನ್ಸ್ ಬಿಷಪ್ ವಿಲಿಯಂ ವ್ಯಾನ್ ಮಿಲ್ಡರ್ಟ್. 1832ರಲ್ಲಿ ಹುಟ್ಟಿದ ಡರ್ಹಮ್ ವಿಶ್ವವಿದ್ಯಾಲಯದ ಹಿಂದೆ ಅವರೂ ಇದ್ದರು. ಬಿಷಪ್ಪರ ಕೋಟೆ ಆಮೇಲೆ ವಿದ್ಯಾರ್ಥಿಗಳ ಪಾಲಾಯಿತು.

ಅಧಿಕಾರ ಹೋದ ಮೇಲೆ

ಅಧಿಕಾರ ಹೋದರೂ ಜನರ ನಡುವೆ ಕೆಲಸ ಇತ್ತು. 1892ರಲ್ಲಿ ಸಂಬಳ ಕಡಿತದ ವಿರುದ್ಧ ಗಣಿ ಕಾರ್ಮಿಕರ ಮುಷ್ಕರ ತಿಂಗಳುಗಟ್ಟಲೆ ನಡೆಯಿತು. ಬಿಷಪ್ ವೆಸ್ಟ್‌ಕಾಟ್ ಎರಡೂ ಕಡೆಯವರನ್ನು ತಮ್ಮ ನಿವಾಸ ಆಕ್‌ಲೆಂಡ್ ಕ್ಯಾಸಲ್‌ಗೆ ಕರೆಸಿದರು, ಶೇ 10ರ ಕಡಿತಕ್ಕೆ ರಾಜಿಯಾಯಿತು. ಕಾರ್ಮಿಕರಿಗೆ ಇದು ಗೆಲುವು ಅಂತ ನಾನು ಹೇಳಲಾರೆ, ಆದರೆ ಅವರ ಮನೆಗಳಲ್ಲಿ ಹಸಿವು ನಿಂತಿತು. ಬಿಷಪ್ಪರ ಮಗ ಫಾಸ್ ವೆಸ್ಟ್‌ಕಾಟ್ ಮುಂದೆ ಕಲ್ಕತ್ತದ ಬಿಷಪ್ ಆದರು.

ಇವತ್ತಿನ ಬಿಷಪ್ ಪಾದ್ರಿಗಳಿಗೆ ದೀಕ್ಷೆ ಕೊಡುತ್ತಾರೆ, ಊರೂರಿನ ಚರ್ಚ್ ಸಭೆಗಳಿಗೆ ಭೇಟಿ ಕೊಡುತ್ತಾರೆ. ಜೊತೆಗೆ ಜಾರೋ ಬಿಷಪ್ ಎಂಬ ಸಹಾಯಕ ಬಿಷಪ್ ಇದ್ದಾರೆ. ಹಳೆಯ ಗತ್ತು ಅಲ್ಲಲ್ಲಿ ಉಳಿದಿದೆ. ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ 26 ಬಿಷಪ್ಪರಿಗೆ ಜಾಗ. ಅದರಲ್ಲಿ ಕ್ಯಾಂಟರ್‌ಬರಿ, ಯಾರ್ಕ್, ಲಂಡನ್, ಡರ್ಹಮ್, ವಿಂಚೆಸ್ಟರ್ ಪೀಠಗಳಿಗೆ ಮಾತ್ರ ಕಾಯಂ ಹಕ್ಕು. ಪಟ್ಟಾಭಿಷೇಕದಲ್ಲಿ ರಾಜನ ಬಲಗಡೆ ನಿಲ್ಲುವವರು ಡರ್ಹಮ್ ಬಿಷಪ್, 2023ರಲ್ಲೂ ಹಾಗೇ ನಡೆಯಿತು.

ನೇಮಕ ಹೇಗೆ ಅಂತ ಕೇಳಿದರೆ, ಚರ್ಚಿನ ಆಯೋಗ ಒಂದು ಹೆಸರು ಆರಿಸುತ್ತದೆ, ಪ್ರಧಾನಿ ಮೂಲಕ ಅದು ರಾಜನಿಗೆ ಹೋಗುತ್ತದೆ, ಆಮೇಲೆ ಕೆಥೆಡ್ರಲ್ ಚಾಪ್ಟರ್ 'ಚುನಾವಣೆ' ನಡೆಸುತ್ತದೆ. ಎಂಟನೇ ಹೆನ್ರಿ ಕಾಲದಿಂದ ಆ ಚುನಾವಣೆಗೆ ರಾಜ ಕಳಿಸುವುದು ಒಂದೇ ಹೆಸರು.