ಎಣ್ಣೆಯ ಮೇಲೆ ತೇಲುವ ಕ್ರ್ಯಾಂಕ್

ಹುಬ್ಬಳ್ಳಿಯ ಗೋಕುಲ ರೋಡಿನ ಗ್ಯಾರೇಜಿನಲ್ಲಿ ಮಿಸ್ತ್ರಿ ನನ್ನ ಅಂಗೈಗೆ ಒಂದು ಬೇರಿಂಗ್ ಚಿಪ್ಪು, ಅಂದರೆ ತಿರುಗುವ ಭಾಗವನ್ನು ಮೇಲೆ ಕೆಳಗೆ ಅಪ್ಪಿ ಹಿಡಿಯುವ ಎರಡು ಅರ್ಧ ಬಳೆಗಳಲ್ಲಿ ಒಂದನ್ನು, ಇಟ್ಟರು. ಗೆಳೆಯನ ಟರ್ಬೊ ಕಾರಿನದು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನದು. ಬೂದು ಬಣ್ಣದ ಮೇಲ್ಪದರ ಸವೆದು ಒಳಗಿನ ತಾಮ್ರ ಹೊಳೆಯುತ್ತಿತ್ತು. "ಎಣ್ಣೆ ಕಮ್ಮಿ ಆಗಿರಲೇ ಇಲ್ಲ" ಅಂತ ಗೆಳೆಯ ಮತ್ತೆ ಮತ್ತೆ ಹೇಳುತ್ತಿದ್ದ. ಪಾಪ, ಅದು ನಿಜವೂ ಹೌದು.

ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದನ್ನು ನೋಡಿದ್ದೇವಲ್ವಾ? ಎಂಜಿನ್ನಿನ ಕತೆ ಬೇರೆ. ಇಲ್ಲಿ ಎಣ್ಣೆ ಸುಮ್ನೆ ಜಾರಿಸುವುದಿಲ್ಲ, ಭಾರವನ್ನೇ ಹೊರುತ್ತದೆ. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗಾಟವಾಗಿಸುವ ದಂಡವೇ ಕ್ರ್ಯಾಂಕ್. ಅದು ತಿರುಗುತ್ತಾ ಎಣ್ಣೆಯನ್ನು ಬೇರಿಂಗಿನ ಕಿರಿದಾದ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಹುಟ್ಟುವ ಒತ್ತಡ ಲೋಹಕ್ಕೆ ಲೋಹ ತಾಗದಂತೆ ಎತ್ತಿ ಹಿಡಿಯುತ್ತದೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನಂಥ ಬೇರಿಂಗನ್ನು ಪರೀಕ್ಷಿಸುತ್ತಿದ್ದರು. ಮೇಲೆ ಕೊರೆದ ತೂತಿನಿಂದ ಎಣ್ಣೆ ಉಕ್ಕಿತು. ಬಿರಡೆ ಜಡಿದರು. ಎಣ್ಣೆ ಬಿರಡೆಯನ್ನೇ ಹೊರಗೆ ತಳ್ಳಿತು! 1886ರಲ್ಲಿ ಆಸ್ಬೋರ್ನ್ ರೇನಾಲ್ಡ್ಸ್ ಇದರ ಗಣಿತ ಬಿಡಿಸಿಟ್ಟರು.

ಜೋರು ಭಾರ ಬಿದ್ದಾಗ ಈ ಎಣ್ಣೆಯ ಪದರ ಒಂದೆರಡು ಮೈಕ್ರಾನ್‌ಗೆ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇಳಿಯುತ್ತದೆ. ತಲೆಗೂದಲೇ ಸುಮಾರು 70 ಮೈಕ್ರಾನ್. ಕ್ರ್ಯಾಂಕ್ ತಿರುಗುವ ವೇಗ ಕಮ್ಮಿಯಾದರೆ ಪದರವೂ ತೆಳು. ಗೆಳೆಯ ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ಗಾಳಿ ತುರುಕುವ ಒತ್ತಡ, ಜಾಸ್ತಿ ಮಾಡಿಸಿದ್ದ. ಧಾರವಾಡದ ಕಡೆಯ ಏರನ್ನು ಐದನೇ ಗೇರಿನಲ್ಲೇ, 1500 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತುತ್ತಿದ್ದ. ಪಿಸ್ಟನ್ನಿನ ಹೊಡೆತವೆಲ್ಲ ರಾಡಿನ ಎರಡು ಚಿಪ್ಪುಗಳಲ್ಲಿ ಮೇಲಿನದಕ್ಕೆ. ಅದೇ ಸವೆದಿತ್ತು, ಕೆಳಗಿನದು ಹೊಸದರಂತಿತ್ತು.

ಚಿಪ್ಪು ಓದಲು ಬಂದರೆ ಅರ್ಧ ಉತ್ತರ ಸಿಕ್ಕ ಹಾಗೆ. ಸುತ್ತಲೂ ಗೀರು ಇದ್ದರೆ ಕಸ ಒಳಹೊಕ್ಕಿದೆ. ಗದಗ ಕಡೆಯ ಎರೆಮಣ್ಣಿನ ಧೂಳಿನಲ್ಲಿ ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೂ ಹೀಗಾಗಬಹುದು. ಎಲ್ಲ ಚಿಪ್ಪುಗಳೂ ಒರೆಸಿದಂತೆ ಸವೆದಿದ್ದರೆ ಎಣ್ಣೆ ತಲುಪಿಲ್ಲ. ವೇಗದ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರಿರಬಹುದು.

ಆದರೆ ಎಂಜಿನ್ ಬಿಚ್ಚುವ ತನಕ ಕಾಯಬೇಕಿಲ್ಲ. 'ಠಕ್ ಠಕ್' ಸದ್ದು ಬರುವ ಹೊತ್ತಿಗೆ ತಡವಾಗಿರುತ್ತದೆ. ಆಗ ದಪ್ಪ ಎಣ್ಣೆ ಸುರಿದು ಸದ್ದು ಅಡಗಿಸುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ. ಕಾಯಿಲೆ ಒಳಗೇ ಬೆಳೆಯುತ್ತದೆ.

ಎಣ್ಣೆ ಬದಲಿಸುವಾಗ ಹಳೆ ಫಿಲ್ಟರ್ ಕೇಳಿ ಪಡೆಯಿರಿ. ಗರಗಸ ಬೇಡ, ಅದರ ಪುಡಿಯೇ ದಾರಿ ತಪ್ಪಿಸುತ್ತದೆ. ಫಿಲ್ಟರ್ ಕಟರ್‌ನಿಂದ ತೆರೆದು, ಮಡಿಕೆಗಳನ್ನು ಹಿಂಡಿ, ಬಿಸಿಲಿಗೆ ಹಿಡಿಯಿರಿ. ಹೊಳೆಯುವ ಚೂರು ಕಂಡರೆ ಅಯಸ್ಕಾಂತ ತನ್ನಿ. ಅಂಟಿದರೆ ಉಕ್ಕು. ಅಂಟದೆ ತಾಮ್ರದ ಬಣ್ಣದಲ್ಲಿ ಮಿನುಗಿದರೆ ಬೇರಿಂಗ್ ಮೇಲೆ ಮೊದಲ ಅನುಮಾನ ಬರಬೇಕು. ಆ ಕಾರನ್ನು ಅಂದೇ ನಿಲ್ಲಿಸಿದರೆ ಕ್ರ್ಯಾಂಕ್ ಉಳಿಸಿಕೊಳ್ಳಬಹುದು. ಗೆಳೆಯನ ಹಳೆ ಫಿಲ್ಟರ್ ಅಷ್ಟರಲ್ಲಿ ಗುಜರಿಗೆ ಹೋಗಿತ್ತು.